ಕಷ್ಟಸುಖದ ಪುಸ್ತಕ

ನಮ್ಮ ಆಫೀಸಿನಲ್ಲಿ ಯಾರನ್ನೂ ಕೆಲಸದಿಂದ ತೆಗೆಯುತ್ತಿರಲಿಲ್ಲ. ಹೀಗೆಂದರೆ ಹೊರಗಿನವರು ನಮ್ಮ ಸಾಹೇಬರು ಬಲು ಕರುಣಾಳು ಎಂದುಕೊಳ್ಳುತ್ತಾರೆ. ಎಂದುಕೊಳ್ಳಲಿ, ನಮಗೇನು ನಷ್ಟ. ಸಂಗತಿ ಬೇರೆ. ರಾಜಕಾರಣಿಯ ಜೊತೆ ಹತ್ತು ವರ್ಷ ಓಡಾಡಿದವನನ್ನು ಹೊರಗೆ ಹಾಕಿದರೆ ಅವನು ನೇರವಾಗಿ ಎದುರು ಪಾರ್ಟಿಯವರ ಜಗಲಿ ಹತ್ತಿ ಕೂತು ಬಾಯಿ ಬಿಡುತ್ತಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೆ ಸಾಹೇಬರು ಕಂಡುಕೊಂಡ ದಾರಿ ಎಂದರೆ ಪ್ರವಾಸದ ಪಟ್ಟಿ.

ದಿನಾ ಬೆಳಗ್ಗೆ ಆರೂವರೆಗೆ ಆ ಪಟ್ಟಿ ನಮ್ಮ ವಾಟ್ಸಾಪ್ ಗುಂಪಿಗೆ ಬರುತ್ತಿತ್ತು. ಇಷ್ಟು ಗಂಟೆಗೆ ಈ ಊರು, ಇಂಥವರ ಮದುವೆ, ಇಂಥ ರಸ್ತೆಯ ಗುದ್ದಲಿ ಪೂಜೆ. ಕೆಳಗೆ ‘ಜೊತೆಗೆ’ ಎಂದು ಬರೆದು ಆವತ್ತು ಕಾರಿನಲ್ಲಿ ಹೋಗುವವರ ಹೆಸರು. ಯಾರ ಮೇಲಾದರೂ ಮನಸ್ಸು ಮುರಿದರೆ ಸಾಹೇಬರು ಅವನ ಹೆಸರು ಹಾಕಿಸುತ್ತಿರಲಿಲ್ಲ, ಅಷ್ಟೆ. ಬೈಗುಳವಿಲ್ಲ, ಕಾಗದವಿಲ್ಲ. ಹೆಸರಿಲ್ಲದವನು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಆಫೀಸಿಗೆ ಬಂದು ಕೂರುತ್ತಿದ್ದ. ನಾಳೆ ಬರಬಹುದು ಎಂದು ಕಾಯುತ್ತಿದ್ದ. ತಾನು ಇದ್ದೇನೋ ಇಲ್ಲವೋ ಎನ್ನುವುದನ್ನು ಅವನೇ ತಿಳಿದುಕೊಳ್ಳಬೇಕಿತ್ತು. ಚುರುಕಾದವರು ವಾರದಲ್ಲಿ ತಿಳಿದುಕೊಂಡು ಹೋದರು. ಒಬ್ಬ ನಾಲ್ಕು ತಿಂಗಳು ತೆಗೆದುಕೊಂಡ.

ಸಾಹೇಬರು ಒಮ್ಮೆ ಗೆದ್ದು ಒಮ್ಮೆ ಸೋತವರು. ಮುಂದಿನ ಸಲ ದೊಡ್ಡ ಸ್ಥಾನಕ್ಕೆ ನಿಲ್ಲುವ ಆಸೆಯಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ನಾಲ್ಕು ತಾಲ್ಲೂಕು ಸುತ್ತುತ್ತಿದ್ದರು. ಪಾರ್ಟಿ ಯಾವುದು ಎಂದು ಬರೆಯುವುದಿಲ್ಲ. ಯಾವುದಾದರೂ ಇದೇ ಕಥೆ. ಹೊನ್ನಾಳಿಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಮಹಡಿ ನಮ್ಮ ಆಫೀಸು. ಯೂರಿಯಾ ವಾಸನೆಯಲ್ಲೇ ನಾನು ಹದಿನಾಲ್ಕು ವರ್ಷ ಶಿಫಾರಸು ಪತ್ರ ಬರೆದೆ.

ನಾವು ಹಿರಿಯರು ಮೂವರು. ಒಬ್ಬರು ನಿವೃತ್ತ ಹೆಡ್‌ಮಾಸ್ಟರು, ಎಲ್ಲರಿಗೂ ಮೇಷ್ಟ್ರು. ಪಾರ್ಟಿಯೊಳಗಿನ ಜಗಳ, ಪೇಪರಿನವರು, ಮುನಿಸಿಕೊಂಡ ಮುಖಂಡರು ಅವರ ಪಾಲು. ತಾಲ್ಲೂಕು ಕಚೇರಿ, ವರ್ಗಾವಣೆ, ಅಧಿಕಾರಿಗಳು ನನ್ನ ಪಾಲು. ಮೂರನೆಯವನು ನನಗಿಂತ ಐದಾರು ವರ್ಷ ಚಿಕ್ಕವನು, ಬಸವಾಪಟ್ಟಣದವನು. ಅವನ ಕೆಲಸಕ್ಕೆ ಸರ್ಕಾರದಲ್ಲಾಗಲಿ ಪಾರ್ಟಿಯಲ್ಲಾಗಲಿ ಹೆಸರಿಲ್ಲ. ನಾಲ್ಕು ತಾಲ್ಲೂಕಿನಲ್ಲಿ ಯಾರು ಸತ್ತರು, ಯಾರ ಮನೆಯಲ್ಲಿ ಮದುವೆ ಗೊತ್ತಾಯಿತು ಎಂದು ತಿಳಿದುಕೊಂಡು ಸಾಹೇಬರನ್ನು ಹೊತ್ತಿಗೆ ಸರಿಯಾಗಿ ಆ ಮನೆಗೆ ಮುಟ್ಟಿಸುವುದು ಅವನ ಕೆಲಸ. ಅದಕ್ಕಾಗಿ ಒಂದು ದಪ್ಪ ನೋಟ್‌ಬುಕ್ ಇಟ್ಟಿದ್ದ. ಮುಂದಿನಿಂದ ತೆರೆದರೆ ಸಾವು, ಹಿಂದಿನಿಂದ ತೆರೆದರೆ ಮದುವೆ. ಅದಕ್ಕೆ ಕಷ್ಟಸುಖದ ಪುಸ್ತಕ ಎಂದು ಹೆಸರಾಗಿತ್ತು. ಬರಬರುತ್ತಾ ಅವನನ್ನೇ ನಾವು ಕಷ್ಟಸುಖ ಎಂದು ಕರೆಯತೊಡಗಿದೆವು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ನನ್ನನ್ನು ಅಣ್ಣ ಎಂದು ಕರೆಯುತ್ತಿದ್ದ.

ಊರೂರಿಗೆ ಅವನ ಒಬ್ಬೊಬ್ಬ ನಂಟ. ಗೋವಿನಕೋವಿಯಲ್ಲಿ ಹಾಲಿನ ಡೈರಿಯವನು, ನ್ಯಾಮತಿಯಲ್ಲಿ ಹೂವಿನ ಅಂಗಡಿಯವನು, ಜಗಳೂರಿನಲ್ಲಿ ಶಾಮಿಯಾನದವನು. ಆದರೆ ಒಂದು ನಿಯಮ ಇಟ್ಟುಕೊಂಡಿದ್ದ. ಊರಿನವನೊಬ್ಬ ಹೇಳಿದರೆ ಸಾಲದು, ಸತ್ತವರ ಮನೆಯವರೊಬ್ಬರ ಬಾಯಿಂದಲೂ ಬರಬೇಕು. ಎರಡು ಫೋನ್ ಬಾರದೆ ಪೆನ್ನು ಮುಟ್ಟುತ್ತಿರಲಿಲ್ಲ. ಸಾವಿನ ಮನೆಗೆ ಹೋಗುವ ದಿನ ಕಾರಿನ ಮುಂದಿನ ಸೀಟು ಅವನದು. ಬಾಗಿಲ ಹತ್ತಿರ ಇಳಿಯುವಾಗ ಸಾಹೇಬರ ಕಿವಿಯಲ್ಲಿ ಸತ್ತವರ ಹೆಸರು, ಇದ್ದ ಕಾಯಿಲೆ, ಹಿರಿಯ ಮಗನ ಹೆಸರು ಊದುತ್ತಿದ್ದ. ಕುರ್ಚಿ ಕೊಟ್ಟರೂ ಕೂರದೆ ಚಾಪೆಯ ಮೇಲೆ ಕೂರಬೇಕು, ಗಡಿಯಾರ ನೋಡಬಾರದು, ಹೊರಡುವಾಗ ‘ಬರ್ತೀನಿ’ ಎನ್ನಬಾರದು. ಈ ಕೊನೆಯದನ್ನು ಅವನು ಸಾಹೇಬರಿಗೆ ಮಗ್ಗಿ ಕಲಿಸಿದ ಹಾಗೆ ಕಲಿಸಿದ್ದ. ಸಾವಿನ ಮನೆಯಲ್ಲಿ ನಿಂತು ಬರ್ತೀನಿ ಎಂದರೆ ಇನ್ನೊಂದು ಸಾವಿಗೆ ಬರ್ತೀನಿ ಎಂದ ಹಾಗೆ. ಕೈ ಮುಗಿದು, ಬಾಯಿ ಮುಚ್ಚಿಕೊಂಡು, ತಿರುಗಿ ನೋಡದೆ ನಡೆಯಬೇಕು. ಸಾಹೇಬರಿಗೆ ಮದುವೆ ಮನೆಯಲ್ಲೂ ಬರ್ತೀನಿ ಎನ್ನಲು ನಾಲಿಗೆ ತಡೆಯುವಷ್ಟು ಅದು ರೂಢಿಯಾಗಿತ್ತು.

ಇಂಥವನ ಕೆಲಸ ತೂಗುಯ್ಯಾಲೆಗೆ ಬಿದ್ದದ್ದು ಒಂದು ಹಾರದಿಂದ.

ಚನ್ನಗಿರಿ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಹಿರಿಯರಿದ್ದರು. ಅವರ ಮಾತಿಗೆ ಸುತ್ತಲಿನ ಏಳೆಂಟು ಊರು ತಲೆದೂಗುತ್ತಿತ್ತು. ದಾವಣಗೆರೆ ಆಸ್ಪತ್ರೆಯವರು ಇನ್ನು ನಮ್ಮ ಕೈಲಿಲ್ಲ ಎಂದು ಅವರನ್ನು ಮನೆಗೆ ಕಳಿಸಿದ್ದರು. ಒಂದು ಬೆಳಗ್ಗೆ ಕಷ್ಟಸುಖನಿಗೆ ಆ ಊರಿನ ಶಾಮಿಯಾನದವನಿಂದ ಫೋನ್ ಬಂತು: ಮನೆ ಮುಂದೆ ಶಾಮಿಯಾನ ಹಾಕುತ್ತಿದ್ದೇವೆ, ಜನ ಸೇರಿದ್ದಾರೆ. ಅದೇ ಹೊತ್ತಿಗೆ ನನಗೂ ಒಂದು ಫೋನ್ ಬಂತು: ಎದುರು ಪಾರ್ಟಿಯವರ ಕಾರು ಚನ್ನಗಿರಿ ಬಿಟ್ಟಿದೆ. ನಮ್ಮಲ್ಲಿ ಮೊದಲ ಹಾರ ಹಾಕಿದವನದೇ ಆ ಮನೆ. ಎರಡನೆಯ ಹಾರ ಹಾಕಿದವನನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

“ಮನೆಯವರ ಫೋನ್ ಬರ್ಲಿ ಅಣ್ಣ, ಅಲ್ಲಿಗಂಟ ನಾನು ಬರೆಯಲ್ಲ,” ಎಂದ ಅವನು.

ನನಗೆ ಮೈ ಉರಿಯಿತು. ಇವನ ಪುಸ್ತಕದ ಮಡಿಗೆ ಆ ಏಳೆಂಟು ಊರು ಕೈ ಬಿಡಬೇಕೆ? ಮನೆಯವರೇ ನನಗೆ ಫೋನ್ ಮಾಡಿದರು, ಆಯಿತು, ಹೊರಡು ಎಂದೆ. ಯಾರೂ ಮಾಡಿರಲಿಲ್ಲ. ಕೆಳಗಿಳಿದು ಹೋಗಿ ಸಾಹೇಬರಿಗೂ ಅದನ್ನೇ ಹೇಳಿದೆ. ಡ್ರೈವರ್ ಅಲ್ಲೇ ಕಾರಿನ ಗಾಜು ಒರೆಸುತ್ತಿದ್ದ. ಅಣ್ಣನ ಮಾತು ಎಂದು ನಂಬಿ ಕಷ್ಟಸುಖ ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಸೀಟಿನಲ್ಲಿ ಕೂತ.

ಹೋಗಿ ನೋಡಿದರೆ ಹಿರಿಯರು ದಿಂಬಿಗೆ ಒರಗಿ ಕೂತು ಸೊಸೆಯ ಕೈಯಿಂದ ಗಂಜಿ ಕುಡಿಯುತ್ತಿದ್ದರು. ಕೊನೆಯ ಸಲ ನೋಡಲು ಬರುವವರಿಗೆ ಬಿಸಿಲಾಗುತ್ತದೆಂದು ಮಗ ಶಾಮಿಯಾನ ಹಾಕಿಸಿದ್ದನಂತೆ. ಸಾಹೇಬರು ಹೊಸ್ತಿಲು ದಾಟಿಯಾಗಿತ್ತು. ಕೈಯಲ್ಲಿ ಆಳೆತ್ತರದ ಸುಗಂಧರಾಜದ ಹಾರ, ಮುಖದಲ್ಲಿ ಆಗಲೇ ತಂದುಕೊಂಡಿದ್ದ ದುಃಖ.

“ಯಾರಿಗಪ್ಪ ಈ ಹಾರ?” ಎಂದರು ಹಿರಿಯರು.

ಸಾಹೇಬರು ಸುಮ್ಮನೆ ಸಾಹೇಬರಾದವರಲ್ಲ. ದೊಡ್ಡವರಿಗೆ ಸನ್ಮಾನ ಮಾಡಿ ಆಶೀರ್ವಾದ ತೆಗೆದುಕೊಳ್ಳೋಣ ಎಂದು ಬಂದೆ ಎಂದು ಹಾರವನ್ನು ಅವರ ಕೊರಳಿಗೆ ಹಾಕಿ ಕಾಲು ಮುಟ್ಟಿದರು. ಆದರೆ ಅಲ್ಲಿದ್ದ ಯಾವನೋ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದಿದ್ದ. ಸಂಜೆಯೊಳಗೆ ನಾಲ್ಕು ತಾಲ್ಲೂಕಿನ ಸ್ಟೇಟಸ್‌ಗಳಲ್ಲಿ ನಮ್ಮ ಸಾಹೇಬರು ಬದುಕಿದ್ದವರಿಗೆ ಹಾರ ಹಾಕುತ್ತಿದ್ದರು. ಹಿರಿಯರು ನಾಲ್ಕು ದಿನ ಬಿಟ್ಟು ತೀರಿಕೊಂಡರು. ಆಗ ನಮಗೆ ಆ ಮನೆಯ ಕಡೆ ತಲೆ ಹಾಕುವ ಮುಖವಿರಲಿಲ್ಲ.

ಆವತ್ತು ವಾಪಸ್ಸು ಬರುವಾಗ ಕಷ್ಟಸುಖ ಕಾರಿನಲ್ಲಿರಲಿಲ್ಲ. ಮನೆಯವರ ಕೈಕಾಲು ಹಿಡಿದು ಸಮಾಧಾನ ಮಾಡಲು ಅವನನ್ನು ಅಲ್ಲೇ ಬಿಟ್ಟು ಬಂದಿದ್ದೆವು.  ದಾರಿಯಲ್ಲಿ ಸಾಹೇಬರು, ಯಾರು ಹೇಳಿದ್ದು ಎಂದು ಕೇಳಿದರು. ಹೇಳಿದ್ದು ನಾನೇ ಎನ್ನುವುದು ಆ ಸಿಟ್ಟಿನಲ್ಲಿ ಅವರಿಗೆ ಮರೆತಿತ್ತೋ, ನನ್ನ ಬಾಯಿಂದಲೇ ಬರಲಿ ಎಂದು ಕೇಳಿದರೋ, ಇವತ್ತಿಗೂ ಗೊತ್ತಿಲ್ಲ.

“ಈ ಡಿಪಾರ್ಟ್‌ಮೆಂಟು ಕಷ್ಟಸುಖಂದಲ್ವಾ ಸರ್,” ಎಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ ಮತ್ತೆ ರಸ್ತೆ ನೋಡಿದ. ಮರುದಿನದ ಪಟ್ಟಿಯಲ್ಲಿ ಕಷ್ಟಸುಖನ ಹೆಸರಿರಲಿಲ್ಲ.

ಮೊದಲ ದಿನ ಅವನು ಅದನ್ನು ಗಮನಿಸದವನ ಹಾಗೆ ಇದ್ದ. ಮೂರನೆಯ ದಿನ ನನ್ನ ಮೇಜಿನ ಹತ್ತಿರ ಬಂದು ನಿಂತ. ಮನೆಯವರ ಫೋನ್ ಬಂದಿತ್ತು ಎಂದು ನೀವೇ ಅಂದಿರಲ್ಲ ಎಂದು ಅವನು ಕೇಳುತ್ತಾನೆ ಎಂದುಕೊಂಡಿದ್ದೆ, ಉತ್ತರವನ್ನೂ ಹೊಂದಿಸಿ ಇಟ್ಟಿದ್ದೆ. ಅವನು ಹಾಗೆ ಕೇಳಲಿಲ್ಲ. ಸಾಹೇಬರನ್ನು ಒಂದು ಸಲ ನೋಡಲೇ ಎಂದ. ಈಗ ಬೇಡ, ಬಿಸಿ ಆರಲಿ, ನಾನೇ ಒಂದು ಮಾತು ಹಾಕುತ್ತೇನೆ ಎಂದೆ. ಅವನ ಕಣ್ಣು ತುಂಬಿತು. ನನ್ನ ಉಪಕಾರಕ್ಕೆ.

ಅವನಿಗೆ ಅವಸರಕ್ಕೆ ಕಾರಣವಿತ್ತು. ಮಗಳ ಮದುವೆ ಗೊತ್ತಾಗಿತ್ತು. ಗಂಡಿನವರು ನ್ಯಾಮತಿಯಲ್ಲಿ ಅಂಗಡಿ ಇಟ್ಟವರು, ನಮ್ಮ ಕಷ್ಟಸುಖನಿಗಿಂತ ಒಂದು ಕೈ ಮೇಲಿನವರು. ಸಾಹೇಬರ ಪಕ್ಕದ ಮನುಷ್ಯ, ಮದುವೆಗೆ ಸಾಹೇಬರೇ ಬಂದು ಅಕ್ಷತೆ ಹಾಕುತ್ತಾರೆ ಎಂಬ ಮಾತಿನ ಮೇಲೆ ಆ ಸಂಬಂಧ ಕುದುರಿತ್ತು. ಈಗ ಅವರೂ ಸ್ಟೇಟಸ್ ನೋಡುವವರೇ. ಬೀಗರು ದಿನ ಬಿಟ್ಟು ದಿನ ಫೋನ್ ಮಾಡಿ, ಇವತ್ತು ಸಾಹೇಬರ ಜೊತೆ ಎಲ್ಲಿದ್ದೀರಿ ಎಂದು ಕೇಳತೊಡಗಿದ್ದರಂತೆ. ಅವನು ಗೊಬ್ಬರದ ಅಂಗಡಿಯ ಮಹಡಿ ಮೇಲೆ ಕೂತು, ಜಗಳೂರಿನಲ್ಲಿದ್ದೀವಿ, ಸಾಹೇಬರು ಭಾಷಣದಲ್ಲಿದ್ದಾರೆ ಎಂದು ಮೆಲ್ಲಗೆ ಹೇಳುವುದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ಮೇಷ್ಟ್ರೂ ನಾನೂ ಸೇರಿ ಅವನನ್ನು ನಡೆಸಿಕೊಂಡ ಬಗೆ ಹೇಳುತ್ತೇನೆ. ಯಾರಾದರೂ ಬಂದು, ಕಷ್ಟಸುಖ ಈಗ ಇದ್ದಾರಾ ಇಲ್ಲವಾ ಎಂದು ಕೇಳಿದರೆ, ಸಾಹೇಬರು ಏನೂ ಹೇಳಿಲ್ಲ ಎನ್ನುತ್ತಿದ್ದೆವು. ಇದು ಸುಳ್ಳಲ್ಲ. ಇದಕ್ಕಿಂತ ಕೆಟ್ಟ ನಿಜ ಇಲ್ಲ. ಹೋದ ಎಂದರೆ ಜನ ಅಯ್ಯೋ ಎನ್ನುತ್ತಾರೆ, ಇದ್ದಾನೆ ಎಂದರೆ ನಮಸ್ಕಾರ ಎನ್ನುತ್ತಾರೆ. ಏನೂ ಹೇಳಿಲ್ಲ ಎಂದರೆ ಅವನಿಂದ ಎರಡು ಮಾರು ದೂರ ನಿಲ್ಲುತ್ತಾರೆ. ಅವನ ಕುರ್ಚಿಯ ಕಾಲು ಅಲ್ಲಾಡುತ್ತದೆಂದು ಒಳಗಿನ ಕೋಣೆಗೆ ಹಾಕಿಸಿದೆವು. ಕಾಲು ಮೂರು ವರ್ಷದಿಂದ ಅಲ್ಲಾಡುತ್ತಿತ್ತು. ಅವನು ಬಂದವರ ಬೆಂಚಿನ ಮೇಲೆ, ಅರ್ಜಿ ಹಿಡಿದವರ ನಡುವೆ ಕೂರತೊಡಗಿದ.

ವಾಟ್ಸಾಪ್ ಗುಂಪಿನಿಂದ ಅವನನ್ನು ತೆಗೆಯಲಿಲ್ಲ. ತೆಗೆದರೆ ತೆಗೆದ ಹಾಗಾಗುತ್ತದೆ. ಮೇಷ್ಟ್ರ ತಲೆ ಓಡಿತು: ಅವನೊಬ್ಬನನ್ನು ಬಿಟ್ಟು ಹೊಸ ಗುಂಪು ಮಾಡಿದರು. ಸಾಹೇಬರೂ ಅದನ್ನೇ ನೋಡತೊಡಗಿದರು. ಹಳೆಯ ಗುಂಪಿನಲ್ಲಿ ಕಷ್ಟಸುಖ ದಿನಾ ಬೆಳಗ್ಗೆ ತನ್ನ ಕೆಲಸ ಮಾಡುತ್ತಲೇ ಇದ್ದ. ನ್ಯಾಮತಿ ತಾಲ್ಲೂಕು, ಇಂಥವರ ತಾಯಿ, ಎಂಬತ್ತು ವರ್ಷ, ಪಾರ್ಶ್ವವಾಯು, ಮಣ್ಣು ಮಧ್ಯಾಹ್ನ ಎರಡಕ್ಕೆ, ಹಿರಿಯ ಮಗ ಕೆಇಬಿಯಲ್ಲಿ. ಯಾರೂ ಉತ್ತರಿಸುತ್ತಿರಲಿಲ್ಲ. ಮೇಷ್ಟ್ರು ಅದನ್ನು ಓದಿ, ಹೊಸ ಗುಂಪಿನಲ್ಲಿ ತಮ್ಮದೇ ಸುದ್ದಿ ಎಂಬ ಹಾಗೆ ಬರೆದು ಹಾಕುತ್ತಿದ್ದರು. ಸಾಹೇಬರು ಭೇಷ್ ಮೇಷ್ಟ್ರೇ ಎಂದು ಹೆಬ್ಬೆರಳು ಕಳಿಸುತ್ತಿದ್ದರು. ನಾವಿಬ್ಬರೂ ಬಿದ್ದು ಬಿದ್ದು ನಕ್ಕಿದ್ದೇವೆ. ನಗಲಿಲ್ಲ ಎಂದು ಈಗ ಬರೆದರೆ ನನಗೇ ನಾಚಿಕೆ.

ಆದರೂ ಸುದ್ದಿ ಬೇರೆ, ಬಾಯಿ ಬೇರೆ. ನ್ಯಾಮತಿ ಹತ್ತಿರದ ಒಂದು ಸಾವಿನ ಮನೆಗೆ ಹೋಗಿದ್ದೆವು. ಸಾಹೇಬರು ಕೈ ಮುಗಿದು ಸದ್ದಿಲ್ಲದೆ ಎದ್ದರು. ಹಿಂದಿನಿಂದ ಮೇಷ್ಟ್ರು, ಸ್ಕೂಲಿನ ವಾರ್ಷಿಕೋತ್ಸವ ಮುಗಿಸಿ ಹೊರಟವರ ಹಾಗೆ, ಬರ್ತೀವಮ್ಮ ಎಂದುಬಿಟ್ಟರು. ಒಳಗಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ ಎದ್ದು ಹೋಗಿ ಬಾಗಿಲಿಗೆ ನೀರು ಹಾಕಿದಳು.

ಆಗ ಕಾರಿನ ಮುಂದಿನ ಸೀಟಿನಲ್ಲಿ ಕೂರುತ್ತಿದ್ದವನು ನಾನು. ಮೇಷ್ಟ್ರು ಹಿಂದಿನ ಗಾಡಿಯಲ್ಲಿದ್ದರು. ಹೊನ್ನಾಳಿ ದಾರಿ ಹಿಡಿದ ಮೇಲೆ ಸಾಹೇಬರು ಹಿಂದಿನಿಂದ ನನ್ನ ಹೆಗಲು ಮುಟ್ಟಿದರು.

“ಎಲ್ಲಪ್ಪ ನಮ್ ಕಷ್ಟಸುಖ? ಸಿಟ್ಟು ಮಾಡ್ಕಂಡು ಕುಂತನಾ? ತಪ್ಪು ಯಾರ್ ಮಾಡಲ್ಲ ಹೇಳು? ನಾಳೆ ಪಟ್ಟಿಗೆ ಅವನ ಹೆಸ್ರು ಹಾಕು, ಬರಾಕೆ ಹೇಳು.”

ಹೇಳ್ತೀನಿ ಸರ್ ಎಂದೆ. ಡ್ರೈವರ್ ಈ ಸಲ ಕನ್ನಡಿ ನೋಡಲಿಲ್ಲ.

ಅಡಕತ್ತರಿಯಲ್ಲಿ ಸಿಕ್ಕ ಅಡಕೆ ನಾನು. ಅವನು ಬಂದರೆ ಮುಂದಿನ ಸೀಟು ಅವನದು; ಅದು ಹೋದರೆ ಹೋಗಲಿ. ಆದರೆ ದಾರಿ ಉದ್ದಕ್ಕೂ ಸಾಹೇಬರೂ ಅವನೂ ಮಾತಾಡುತ್ತಾರೆ. ಯಾವತ್ತೋ ಒಂದು ದಿನ ಮನೆಯವರ ಫೋನಿನ ಮಾತು ಬರುತ್ತದೆ. ಅವನೇನೂ ದೂರು ಹೇಳುವವನಲ್ಲ, ಅಣ್ಣನೇ ಅಂದಿದ್ದರು ಸರ್ ಎಂದು ಸಹಜವಾಗಿ ಹೇಳುತ್ತಾನೆ. ಅಲ್ಲಿಗೆ ಬೆಂಚಿನ ಮೇಲೆ ಕೂರುವ ಸರದಿ ನನ್ನದು. ಆ ಪಟ್ಟಿ ಟೈಪು ಮಾಡುವವನೂ ನಾನೇ. ಮರುದಿನ ಬೆಳಗ್ಗೆ ಅವನ ಹೆಸರು ಹಾಕಲಿಲ್ಲ. ಕಾರಿನಲ್ಲಿ ಸಾಹೇಬರು ಕೇಳಿದಾಗ, ಹೇಗೆ ಹೇಳುವುದೋ ಗೊತ್ತಾಗುತ್ತಿಲ್ಲ ಸರ್ ಎಂದು ರಾಗ ಎಳೆದೆ. ಹೇಳು ಎಂದರು. ಎದುರು ಪಾರ್ಟಿಯವರ ಮನೆ ಹತ್ತಿರ ಅವನನ್ನು ಯಾರೋ ಕಂಡರಂತೆ ಎಂದೆ.

ಹೌದಾ ಎಂದರು ಸಾಹೇಬರು. ಕಿಟಕಿಯ ಗಾಜು ಇಳಿಸಿದರು. ಆಮೇಲೆ ಅವನ ಹೆಸರೆತ್ತಲಿಲ್ಲ.

ಕಷ್ಟಸುಖನಿಗೆ ನಾನು ಹೇಳಿದ್ದು ಬೇರೆ. ಸಾಹೇಬರ ಸಿಟ್ಟು ಇನ್ನೂ ಇಳಿದಿಲ್ಲ, ನೀನು ಎದುರಿಗೆ ಕಂಡಷ್ಟೂ ಏರುತ್ತದೆ, ಕರೆಯುವ ತನಕ ಊರಲ್ಲಿ ಇರು ಎಂದೆ. ಅವನು ಚೀಲದಿಂದ ಆ ದಪ್ಪ ಪುಸ್ತಕ ತೆಗೆದು ನನ್ನ ಮೇಜಿನ ಮೇಲಿಟ್ಟ. ಊರೂರಿನ ಅವನ ನಂಟರ ನಂಬರುಗಳನ್ನೆಲ್ಲ ಒಂದು ಹಾಳೆಯಲ್ಲಿ ದುಂಡಗೆ ಬರೆದು ಒಳಗಿಟ್ಟಿದ್ದ. ಕೆಲಸ ನಿಲ್ಲಬಾರದಲ್ಲ ಎಂದ.

“ನಾನು ಇದೀನೋ ಇಲ್ವೋ, ಅದೊಂದು ಹೇಳ್ರಿ ಅಣ್ಣ. ಇಲ್ಲ ಅಂದ್ರೂ ಪರವಾಗಿಲ್ಲ. ಬೀಗರಿಗೆ ಏನಾದ್ರೂ ಒಂದು ಹೇಳಾಕೆ ಬೇಕು.”

“ನೋಡಾಣ,” ಎಂದೆ.

ಈ ಒಂದು ಮಾತಿಗೆ ಏನು ಅರ್ಥ ಎಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹದಿನಾಲ್ಕು ವರ್ಷ ಅರ್ಜಿ ಹಿಡಿದು ಬಂದವರಿಗೆ ನಾವಿಬ್ಬರೂ ಸೇರಿ ಹೇಳಿದ ಮಾತು ಅದು. ಆದರೂ ಅವನು, ಸರಿ ಅಣ್ಣ, ಮದುವೆ ದಿನ ಒಂದು ಮರೀಬ್ಯಾಡ್ರಿ ಎಂದು ಹೇಳಿ ಮೆಟ್ಟಿಲಿಳಿದ.

ಅವನು ಹೋದ ಮೇಲೆ ಪುಸ್ತಕವನ್ನು ಹಿಂದಿನಿಂದ ತೆರೆದೆ. ಮಗಳ ಮದುವೆಯನ್ನು ಎಲ್ಲರ ಮದುವೆಯ ಹಾಗೆಯೇ ಬರೆದಿದ್ದ: ಬಸವಾಪಟ್ಟಣ, ಹೆಣ್ಣಿನ ತಂದೆ ನಮ್ಮವರು, ಮುಹೂರ್ತ ಹತ್ತೂವರೆ, ಸಾಹೇಬರು ಊಟಕ್ಕೆ ನಿಲ್ಲುವುದು. ‘ನಮ್ಮವರು’ ಎಂದು ಅವನು ಬರೆಯುತ್ತಿದ್ದುದು ಕಾರ್ಯಕರ್ತರ ಮನೆಗಳಿಗೆ. ತನ್ನ ಹೆಸರು ಬರೆದಿರಲಿಲ್ಲ. ಆ ದಿನದ ಪಟ್ಟಿ ಟೈಪು ಮಾಡುವಾಗ ನಾನು ಪುಸ್ತಕ ಎದುರಿಗೇ ಇಟ್ಟುಕೊಂಡಿದ್ದೆ. ಜಗಳೂರಿನ ಒಂದು ಸಮುದಾಯ ಭವನದ ಉದ್ಘಾಟನೆ, ಹೊನ್ನಾಳಿಯಲ್ಲಿ ಎರಡು ಮದುವೆ ಹಾಕಿದೆ. ಬಸವಾಪಟ್ಟಣ ಹಾಕಲಿಲ್ಲ. ಮನಸ್ಸಿನಲ್ಲಿ ಏನೇ ಇದ್ದರೂ ಸಾಹೇಬರು ಅಲ್ಲಿಗೆ ಹೋದರೆ ಅವನನ್ನು ಅಪ್ಪಿಕೊಳ್ಳುತ್ತಾರೆ, ಅವನು ಅಳುತ್ತಾನೆ, ಮಾತು ಬರುತ್ತದೆ. ನನಗೆ ಅದು ಬೇಕಿರಲಿಲ್ಲ.

ಮದುವೆಗೆ ನಾನು ಹೋಗಲಿಲ್ಲ. ಡ್ರೈವರ್ ರಜೆ ಹಾಕಿ ಹೋಗಿದ್ದ, ಅವನೇ ಹೇಳಿದ. ವೇದಿಕೆಯ ಪಕ್ಕ ಸಾಹೇಬರಿಗೆಂದು ಒಂದು ಸೋಫಾಕ್ಕೆ ಬಿಳಿ ಟವೆಲ್ ಹಾಸಿಟ್ಟಿದ್ದರಂತೆ. ಅಕ್ಷತೆ ಬಿದ್ದರೂ ಗಂಡಿನ ತಂದೆ ಕಾದರಂತೆ, ಊಟದ ಎರಡನೆಯ ಪಂಕ್ತಿಯ ತನಕ ಕಾದರಂತೆ. ಆಮೇಲೆ ಆ ಸೋಫಾದ ಮೇಲೆ ತಾವೇ ಕಾಲ ಮೇಲೆ ಕಾಲು ಹಾಕಿಕೊಂಡು ಕೂತು, ನಿಮ್ ಸಾಹೇಬ್ರು ಬಂದ್ರೆ ಎಬ್ಬಿಸ್ರಿ ಬೀಗ್ರೇ ಎಂದರಂತೆ. ಸುತ್ತಲಿದ್ದವರು ನಕ್ಕರಂತೆ. ಕಷ್ಟಸುಖನೂ ನಗಬೇಕಾಯಿತಂತೆ. ಕೇಳಿ ನಾನು ಪಾಪ ಎಂದೆ. ಡ್ರೈವರ್ ಬಟ್ಟೆ ತೆಗೆದುಕೊಂಡು ಕಾರಿನ ಗಾಜು ಒರೆಸಲು ಹೋದ.

ಅದಾಗಿ ಆರು ತಿಂಗಳಿಗೆ ಜಗಳೂರಿನ ನಮ್ಮ ಮನೆಯಲ್ಲಿ ನನ್ನ ತಾಯಿ ತೀರಿಕೊಂಡಳು.

ಬೆಳಗಿನ ಜಾವ ಹೋದಳು. ಅಳುವುದಕ್ಕಿಂತ ಮೊದಲು ನಾನು ಹೊಸ ಗುಂಪಿಗೆ ಸುದ್ದಿ ಹಾಕಿದೆ. ಮಗನ ಬುದ್ಧಿಗಿಂತ ಮೊದಲು ಆಫೀಸಿನ ಬುದ್ಧಿ ಓಡಿತು. ಆವತ್ತಿನ ಪಟ್ಟಿಯನ್ನು ಹಿಂದಿನ ಸಂಜೆಯೇ ನಾನೇ ಮಾಡಿಟ್ಟಿದ್ದೆ, ಚನ್ನಗಿರಿಯ ಕಡೆ ಮೂರು ಮದುವೆ. ಮೇಷ್ಟ್ರು ಕೈ ಮುಗಿಯುವ ಚಿತ್ರ ಕಳಿಸಿದರು. ಸಾಹೇಬರು ಫೋನ್ ಮಾಡಿ, ಕಾಯ್ರಿ, ಬರ್ತೀನಿ ಎಂದರು. ನಾನು ಆ ಮಾತನ್ನು ಇಡೀ ಓಣಿಗೆ ಸಾರಿದೆ. ಹನ್ನೊಂದಕ್ಕೆ ಮಣ್ಣು ಮಾಡಬೇಕೆಂದಿದ್ದವರನ್ನು ತಡೆದೆ. ಒಂದಾಯಿತು, ಎರಡಾಯಿತು. ತಾಯಿಯ ಸುತ್ತ ಇಟ್ಟ ಮಂಜುಗಡ್ಡೆ ಕರಗಿ ಅಂಗಳಕ್ಕೆ ಹರಿಯಿತು. ನೆಂಟರು ಉಪವಾಸ ಕೂತಿದ್ದರು. ಸಾಹೇಬರು ಎಲ್ಲಿಗೆ ಬಂದರಂತೆ ಎಂದು ಒಬ್ಬೊಬ್ಬರೂ ಕೇಳುವಾಗ ನಾನು ದಾರಿಯಲ್ಲಿದ್ದಾರೆ ಎನ್ನುತ್ತಿದ್ದೆ. ಮೇಷ್ಟ್ರು ಫೋನ್ ಎತ್ತುತ್ತಿರಲಿಲ್ಲ. ನನಗೆ ಆ ಸೋಫಾ, ಬಿಳಿ ಟವೆಲ್ ನೆನಪಾಯಿತು. ಬೇಡವೆಂದರೂ ನೆನಪಾಯಿತು.

ಮೂರೂವರೆಗೆ ಕಷ್ಟಸುಖ ಬಂದ. ಬಸ್ಸಿನಿಂದ ಇಳಿದು ನಡೆದು ಬಂದಿದ್ದ. ಬಾಳೆಲೆಯಲ್ಲಿ ಸುತ್ತಿದ ಹಾರ ಬಗಲಲ್ಲಿತ್ತು. ಅವನಿಗೆ ನಾನು ಹೇಳಿರಲಿಲ್ಲ, ಜಗಳೂರಿನ ಅವನ ನಂಟ ಶಾಮಿಯಾನದವನು ಹೇಳಿರಬೇಕು. ನನ್ನ ತಾಯಿಯ ಕಾಲ ಹತ್ತಿರ ಕೂತು ಹಾರ ಹಾಕಿದ. ದಿನವಿಡೀ ಬಿದ್ದ ಹಾರಗಳಲ್ಲಿ ಅದೇ ಬಾಡದೆ ಇದ್ದದ್ದು. ಆಮೇಲೆ ಹೊರಗೆ ಹೋಗಿ ಡ್ರೈವರಿಗೆ ಫೋನ್ ಮಾಡಿ ಬಂದು ನನ್ನ ಪಕ್ಕ ಬಗ್ಗಿದ.

“ಅವ್ರು ಚನ್ನಗಿರಿ ಬಿಟ್ಟಿಲ್ಲ ಅಣ್ಣ, ಊಟಕ್ಕೆ ಕುಂತಾರಂತೆ. ಅಮ್ಮನ್ನ ಇನ್ನು ಕಾಯಿಸಬ್ಯಾಡ್ರಿ.”

ಮೆಲ್ಲಗೆ ಹೇಳಿದ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ನನ್ನ ಸೋದರಮಾವನನ್ನು ಅವನೇ ಕರೆದು ಎತ್ತುವ ಏರ್ಪಾಡು ಮಾಡಿದ. ಅರ್ಧ ಗಂಟೆಯಲ್ಲಿ ಹೊರಟೆವು. ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

ಸಾಹೇಬರು ಒಂಬತ್ತನೆಯ ದಿನ ಬಂದರು. ಕಾರಿನ ಮುಂದಿನ ಸೀಟಿನಿಂದ ಮೇಷ್ಟ್ರು ಇಳಿದರು. ನಮ್ಮ ಮನೆಯ ಬಾಗಿಲಲ್ಲಿ ಅವರು ಸಾಹೇಬರ ಕಿವಿಯಲ್ಲಿ ನನ್ನ ತಾಯಿಯ ಹೆಸರು ಊದುವುದನ್ನು ನಾನು ಒಳಗಿನಿಂದ ನೋಡಿದೆ. ಸಾಹೇಬರು ಚಾಪೆಯ ಮೇಲೆ ಕೂತರು, ಗಡಿಯಾರ ನೋಡಲಿಲ್ಲ, ಹೊರಡುವಾಗ ಕೈ ಮುಗಿದು ಬಾಯಿ ಮುಚ್ಚಿಕೊಂಡು ನಡೆದರು. ಒಂದೂ ತಪ್ಪಿರಲಿಲ್ಲ. ಕಲಿಸಿದವನು ಚೆನ್ನಾಗಿ ಕಲಿಸಿದ್ದ.

ಮಣ್ಣು ಮಾಡಿದ ದಿನದ ಸಂಜೆಯ ಮಾತು ಇನ್ನೂ ಹೇಳಿಲ್ಲ. ಇಷ್ಟು ಹೊತ್ತು ಅದನ್ನು ಹಿಂದಕ್ಕೆ ತಳ್ಳುತ್ತಲೇ ಬಂದೆ.

ಸ್ಮಶಾನದಿಂದ ಬಂದು, ಕಾಲು ತೊಳೆದು, ದೀಪ ನೋಡಿ ಎಲ್ಲರೂ ಕೂತಿದ್ದೆವು. ಕಷ್ಟಸುಖ ನನ್ನ ಪಕ್ಕದಲ್ಲೇ ಚಾಪೆಯ ಮೇಲಿದ್ದ. ನೆಂಟರು ಒಬ್ಬೊಬ್ಬರಾಗಿ ಎದ್ದು ಸದ್ದಿಲ್ಲದೆ ಹೋದರು. ನಾನು ಏನಾದರೂ ಹೇಳಬೇಕಿತ್ತು. ಮಗಳು ಹೇಗಿದ್ದಾಳೆ ಎಂದು ಕೇಳಿದೆ, ಅಷ್ಟೇ ಬಂತು.

ಅದಾಳೆ ಎಂದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ.

“ನ್ಯಾಮತಿ ದಾರ್ಯಾಗೆ ಸಾಹೇಬ್ರು ನನ್ನ ಕರಿ ಅಂದಿದ್ರಂತೆ. ಡ್ರೈವರ್ ಮದ್ವೆ ದಿನ ಹೇಳ್ದ. ಅವತ್ತು ಬೆಳಗ್ಗೆ ಮನೆಯವ್ರ ಫೋನ್ ಬಂದಿರ್ಲಿಲ್ಲ ಅನ್ನೋದೂ ನಂಗೆ ಗೊತ್ತಿತ್ತು ಅಣ್ಣ. ಆ ಹಿರೇರ ಮಗನ್ನ ಅವತ್ತೇ ಕೇಳಿದ್ದೆ. ನೀವೇ ಹೇಳ್ತೀರಿ ಅಂತ ಕಾದೆ.”

 ಒಂದು ಕ್ಷಮೆ ಕೇಳಿದ್ದರೆ ಅವನು ಕೊಡುತ್ತಿದ್ದ ಎಂದು ಈಗಲೂ ಅನ್ನಿಸುತ್ತದೆ, ಅಂಥ ಮನುಷ್ಯ ಅವನು. ನಾನು ಕೇಳಲಿಲ್ಲ. ತಾಯಿ ಸತ್ತ ದಿನ ಈ ಲೆಕ್ಕ ತೆಗೆಯುತ್ತಾನಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ನೋಡಾಣ ಬಿಡು, ಸಾಹೇಬರ ಹತ್ತಿರ ಮಾತಾಡ್ತೀನಿ ಎಂದೆ. ಹೌದು, ಅದನ್ನೇ ಎಂದೆ.

ಅವನು ಎದ್ದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಒಳಗೆ ನನ್ನ ಚಿಕ್ಕಮ್ಮ, ಹೆಂಡತಿ, ಇಬ್ಬರು ಮಕ್ಕಳು ದೀಪದ ಸುತ್ತ ಕೂತಿದ್ದರು. ಅವನು ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಚಪ್ಪಲಿ ಮೆಟ್ಟಿ, ಹೊಸ್ತಿಲ ಆಚೆ ನಿಂತು, ತಿರುಗಿ ನನ್ನ ಮುಖ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ಬರ್ತೀನಣ್ಣ.”

ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಾಪ, ದುಃಖದಲ್ಲಿ ಬಾಯಿ ತಪ್ಪಿ ಅಂದಿದ್ದಾರೆ ಬಿಡಿ ಎಂದು ನನ್ನ ಹೆಂಡತಿ ಆಮೇಲೆ ಸಮಾಧಾನ ಹೇಳಿದಳು. ಹದಿನಾಲ್ಕು ವರ್ಷ ನಾನು ಅವನ ಜೊತೆ ಸಾವಿನ ಮನೆಗಳಿಗೆ ಹೋಗಿದ್ದೇನೆ. ಅವನ ಬಾಯಿ ಒಮ್ಮೆಯೂ ತಪ್ಪಿಲ್ಲ. ಈಗ ಮನೆಯಲ್ಲಿ ಯಾವ ಮಗುವಿಗೆ ಜ್ವರ ಬಂದರೂ ನಾನು ಮೊದಲು ಬಾಗಿಲ ಕಡೆ ನೋಡುತ್ತೇನೆ.